ಕೊಂಡ ರೇಟಿಗೆ ಬಂದರೆ ಮಾರ್ತೀನಿ ಅನ್ನುವವರಿಗೆ

ಪ್ರಶ್ನೆ (ಬ್ಯಾಡಗಿ): ಸರ್, ಒಂದು ಷೇರನ್ನು 400 ರೂಪಾಯಿಯಂತೆ ಸಾವಿರ ಕೊಂಡಿದ್ದೆ. ಈಗ 240 ಆಗಿದೆ. ಲಾಭದಲ್ಲಿರುವ ಇನ್ನೆರಡು ಷೇರು ಮಾರಿ, ಇದನ್ನೇ ಕಡಿಮೆ ರೇಟಿಗೆ ಇನ್ನಷ್ಟು ಕೊಂಡು ಆವರೇಜ್ ಮಾಡೋಣ ಅಂತಿದ್ದೇನೆ. ನಾನು ರಿಸ್ಕ್ ತಗೊಳ್ಳುವವನಲ್ಲ. ಕೊಂಡ ರೇಟು ಬಂದರೆ ಸಾಕು, ಮಾರಿಬಿಡುತ್ತೇನೆ. ಎಷ್ಟು ದಿನ ಕಾಯಬೇಕು?

ಉತ್ತರ: ಊರು, ಷೇರು ಬದಲಾಗುತ್ತವೆ, ಈ ಪತ್ರ ಮಾತ್ರ ಬರುತ್ತಲೇ ಇರುತ್ತದೆ. ಬೀಳುತ್ತಿರುವ ಒಂದೇ ಷೇರಿಗೆ ಇನ್ನಷ್ಟು ದುಡ್ಡು ಸುರಿಯುವುದು ರಿಸ್ಕ್ ಅಲ್ವಾ? ನಿಮಗೆ ನಷ್ಟ ಒಪ್ಪಿಕೊಳ್ಳಲು ಭಯ. ಅದನ್ನು ತಪ್ಪಿಸಿಕೊಳ್ಳಲು ಎಂಥ ರಿಸ್ಕಿಗೂ ತಯಾರಿದ್ದೀರಿ.

ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರ ಲೇಖನದಲ್ಲಿ ಇದನ್ನೇ ತೋರಿಸಿದ್ದರು. ಖಾತ್ರಿಯಾಗಿ ಸಿಗುವ 3,000 ತಗೊಳ್ಳುತ್ತೀರೋ, ನೂರಕ್ಕೆ 80 ಸಾಧ್ಯತೆಯ 4,000ಕ್ಕೆ ಕೈ ಹಾಕುತ್ತೀರೋ ಅಂತ ಕೇಳಿದರು. ನೂರಕ್ಕೆ 80 ಮಂದಿ ಖಾತ್ರಿ ದುಡ್ಡೇ ಸಾಕು ಅಂದರು. ಅದೇ ಲೆಕ್ಕವನ್ನು ನಷ್ಟಕ್ಕೆ ತಿರುಗಿಸಿ ಕೇಳಿದಾಗ 92 ಮಂದಿ ಜೂಜಿಗೆ ಇಳಿದರು. ಬರುವಾಗ ಪುಕ್ಕಲು, ಹೋಗುವಾಗ ಭಂಡ ಧೈರ್ಯ. ಲಾಭದ ಷೇರು ಮಾರಿ ನಷ್ಟದ್ದನ್ನು ಅಪ್ಪಿಕೊಳ್ಳುವುದು ಇದೇ ಚಾಳಿ.

ನೀವು ಕಳಿಸಿದ ಹಾಳೆಯಲ್ಲಿ 400ಕ್ಕೆ ಕೆಂಪು ಪೆನ್ನಿನಲ್ಲಿ ಎರಡೆರಡು ಸುತ್ತು ಹಾಕಿದ್ದೀರಿ. ಆ ಅಂಕಿ ಮಾರ್ಕೆಟ್ಟಿಗೆ ಗೊತ್ತೇ ಇಲ್ಲ. ಬಿದ್ದದ್ದು 40%, ಆದರೆ 240ರಿಂದ 400 ಆಗಲು ಸುಮಾರು 67% ಏರಬೇಕು. ನಿಮ್ಮೂರಲ್ಲಿ ಮೆಣಸಿನಕಾಯಿಯನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ರೇಟಿಗೆ ಕಾಯುವವರು ಕೂಡ ಬಾಡಿಗೆ ಲೆಕ್ಕ ಹಾಕುತ್ತಾರೆ. ನೀವು ಅದನ್ನೂ ಹಾಕಿಲ್ಲ. ಈ 2.40 ಲಕ್ಷ ಬೇರೆ ಕಡೆ ಇದ್ದಿದ್ದರೆ ಬಡ್ಡಿಯಾದರೂ ಬರುತ್ತಿತ್ತು.

ಇವತ್ತು ಕೈಯಲ್ಲಿ 2.40 ಲಕ್ಷ ನಗದು ಇದ್ದರೆ ಇದೇ ಷೇರು ಕೊಳ್ಳುತ್ತೀರಾ? ಹೌದಾದರೆ ಯಾಕೆ ಅಂತ ಒಂದು ಸಾಲು ಬರೆದಿಡಿ, ಷೇರನ್ನು ಇಟ್ಟುಕೊಳ್ಳಿ. 'ತುಂಬಾ ಬಿದ್ದಿದೆ' ಅನ್ನುವುದು ಕಾರಣ ಆಗುವುದಿಲ್ಲ. ಇಲ್ಲ ಅಂದರೆ ಮಾರಿ. ಆದಾಯ ತೆರಿಗೆ ರಿಟರ್ನನ್ನು ಗಡುವಿನೊಳಗೆ ಸಲ್ಲಿಸಿದರೆ ಈ ನಷ್ಟವನ್ನು ಮುಂದಿನ 8 ವರ್ಷದವರೆಗೆ ಬಂಡವಾಳ ಲಾಭದಲ್ಲಿ ಕಳೆಯಲು ಅವಕಾಶವಿದೆ. ಷರತ್ತುಗಳನ್ನು ನಿಮ್ಮ ಆಡಿಟರ್ ಹತ್ತಿರ ಕೇಳಿ. ಆವರೇಜ್ ಮಾತ್ರ ಬೇಡ.

ಪ್ರಶ್ನೆ (ಹುಬ್ಬಳ್ಳಿ): ಮಾರ್ಕೆಟ್ ಬಿದ್ದಿದೆ, ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಕಟ್ಟುವ ಕಂತು) ನಿಲ್ಲಿಸಲಾ?

ಉತ್ತರ: ಬೇಡ. ಎರಡು ವರ್ಷದಲ್ಲಿ ಮಗಳ ಮದುವೆಗೆ ಬೇಕಾದ ದುಡ್ಡಾಗಿದ್ದರೆ ಅದನ್ನು ಅಲ್ಲಿ ಹಾಕಲೇಬಾರದಿತ್ತು.

ಪ್ರಶ್ನೆ (ಧಾರವಾಡ): ಆಪ್ಷನ್ಸ್‌ನಲ್ಲಿ (ಷೇರಿನ ಮುಂದಿನ ರೇಟಿನ ಮೇಲೆ ನಡೆಯುವ ವಹಿವಾಟು) ಹೋದದ್ದನ್ನು ಅಲ್ಲೇ ವಾಪಸ್ ತೆಗೆಯಬಹುದಾ?

ಉತ್ತರ: 2024ರ ಸೆಪ್ಟೆಂಬರಿನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಕೊಟ್ಟ ಲೆಕ್ಕ ಓದಿ. ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್-ಆಪ್ಷನ್ಸ್ ಆಡಿದ ಸಾಮಾನ್ಯರಲ್ಲಿ ನೂರಕ್ಕೆ 93 ಮಂದಿಗೆ ನಷ್ಟವಾಗಿದೆ.

ಪ್ರಶ್ನೆ (ಗದಗ): ಟೆಲಿಗ್ರಾಂನಲ್ಲಿ ಒಬ್ಬರು ತಿಂಗಳಿಗೆ 8% ಖಾತ್ರಿ ಅಂತಾರೆ, ಸೇರಲಾ?

ಉತ್ತರ: ಷೇರಿನಲ್ಲಿ ಖಾತ್ರಿ ಲಾಭ ಅಂದವನು ಮೋಸಗಾರ, ಸುಮ್ನೆ ಬ್ಲಾಕ್ ಮಾಡಿ. ಈಗಾಗಲೇ ದುಡ್ಡು ಹಾಕಿದ್ದರೆ ನನಗೆ ಬರೆಯುತ್ತಾ ಕೂರಬೇಡಿ, ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.