ಟಾಸ್ಮೇನಿಯಾದ ಸೌತ್ ಕೋಸ್ಟ್ ಟ್ರ್ಯಾಕ್: ಗೈಡ್ ಇದ್ದರೆ ತಯಾರಿ ಕಡಿಮೆ ಸಾಕೇ?

ಮೆಲ್ಬರ್ನಿನಲ್ಲಿದ್ದೀರಿ, ಕುಮಾರಪರ್ವತ ಎರಡು ಸಲ ಹತ್ತಿದ್ದೀರಿ, ಫೆಬ್ರವರಿಯಲ್ಲಿ ಗೈಡ್ ತಂಡದ ಜೊತೆ ಸೌತ್ ಕೋಸ್ಟ್ ಟ್ರ್ಯಾಕ್ ನಡೆಯಬೇಕೆಂದಿದ್ದೀರಿ. ಗೈಡ್ ಇರುವಾಗ ತಯಾರಿ ಎಷ್ಟು ಬೇಕು, ಏನೇನು ಒಯ್ಯಬೇಕು ಎಂದು ಕೇಳಿದ್ದೀರಿ.

ತಯಾರಿಯಲ್ಲಿ ಒಂದಿಷ್ಟೂ ರಿಯಾಯಿತಿ ಇಲ್ಲ. ಹಿಮಾಲಯದ ಚಾರಣಗಳ ಹಾಗೆ ಇಲ್ಲಿ ಹೇಸರಗತ್ತೆಯಿಲ್ಲ, ಪೋರ್ಟರ್ ಇಲ್ಲ, ಮುಂದೆ ಹೋಗಿ ಟೆಂಟ್ ಹಾಕಿ ಚಹಾ ಕಾಯಿಸಿ ಇಡುವವರೂ ಇಲ್ಲ. ಗೈಡ್ ಹೊರುವುದು ತನ್ನ ಹೊರೆಯನ್ನು. ನಿಮ್ಮ ಬಟ್ಟೆಬರೆ, ಅರ್ಧ ಟೆಂಟ್, ತಂಡದ ದಿನಸಿಯಲ್ಲಿ ನಿಮ್ಮ ಪಾಲು, ಎಲ್ಲವೂ ನಿಮ್ಮ ಬೆನ್ನಿಗೆ. ಮೊದಲ ದಿನ 18ರಿಂದ 20 ಕೆ.ಜಿ. ಎಂದುಕೊಳ್ಳಿ. ಭಟ್ಟರ ಮನೆಯ ಬಿಸಿ ಅನ್ನ-ಸಾರಿನ ಭರವಸೆಯಲ್ಲಿ ಹಗುರ ಚೀಲ ಹೊತ್ತು ಕುಮಾರಪರ್ವತ ಹತ್ತಿದ ಲೆಕ್ಕ ಇಲ್ಲಿಗೆ ಬರುವುದಿಲ್ಲ.

ದಾರಿ ಒಟ್ಟು 85 ಕಿ.ಮೀ., ಮೆಲಲೂಕಾದಿಂದ ಕಾಕಲ್ ಕ್ರೀಕ್‌ವರೆಗೆ, ಸಾಮಾನ್ಯವಾಗಿ 6ರಿಂದ 8 ದಿನ. ಗೈಡ್ ತಂಡಗಳು ಇನ್ನೂ ಒಂದು ದಿನ ಹೆಚ್ಚು ಇಟ್ಟುಕೊಳ್ಳುವುದುಂಟು. ಮೆಲಲೂಕಾಗೆ ರಸ್ತೆಯೇ ಇಲ್ಲ. ಹೋಬಾರ್ಟ್ ಪಕ್ಕದ ಕೇಂಬ್ರಿಡ್ಜ್ ವಿಮಾನ ನಿಲ್ದಾಣದಿಂದ ಪುಟ್ಟ ವಿಮಾನ ಹೋಗಿ ಬಿಳಿ ಕಲ್ಲಿನ ಪಟ್ಟಿಯ ಮೇಲೆ ಇಳಿಸುತ್ತದೆ. ಮೋಡ ಕೆಳಗಿಳಿದಿದ್ದರೆ ಹಾರುವುದಿಲ್ಲ. ಒಲೆಯ ಗ್ಯಾಸ್ ಡಬ್ಬಿಯನ್ನು ಪ್ರಯಾಣಿಕರು ವಿಮಾನದಲ್ಲಿ ಒಯ್ಯುವಂತಿಲ್ಲ, ಮೊದಲೇ ಹೇಳಿಟ್ಟು ಅಲ್ಲೇ ಪಡೆಯಬೇಕು. ಅದನ್ನು ಗೈಡ್ ಕಂಪನಿಯವರು ನೋಡಿಕೊಳ್ಳುತ್ತಾರೆ. ಕಿತ್ತಳೆ ಹೊಟ್ಟೆಯ ಗಿಳಿ ಇಡೀ ಪ್ರಪಂಚದಲ್ಲಿ ಕಾಡಿನಲ್ಲಿ ಮರಿ ಮಾಡುವುದು ಮೆಲಲೂಕಾದ ಸುತ್ತ ಮಾತ್ರ. ಹೊರಡುವ ಅವಸರದಲ್ಲಿ ಅದನ್ನು ನೋಡದೆ ಬರಬೇಡಿ.

ಮೊದಲ ಎರಡು ದಿನ, ಕಾಕ್ಸ್ ಬೈಟ್ ದಾಟಿ ಲೂಯಿಸಾ ನದಿಯವರೆಗೆ, ದೊಡ್ಡ ಏರಿಲ್ಲ. ಬಟನ್ ಹುಲ್ಲಿನ ಬಯಲು, ಮರಳು, ಕೆಸರು. ನಿಜವಾದ ಪರೀಕ್ಷೆ ಐರನ್‌ಬೌಂಡ್ ಶ್ರೇಣಿಯ ದಿನ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಏರಿ, ಅದೇ ದಿನ ಮತ್ತೆ ಸಮುದ್ರದಂಡೆಗೇ ಇಳಿಯಬೇಕು. ದೂರ 12-13 ಕಿ.ಮೀ. ಅಷ್ಟೇ, ಆದರೆ 8ರಿಂದ 10 ಗಂಟೆ ಹಿಡಿಯುತ್ತದೆ. ಎಲ್ಲರೂ ಏರಿಗೆ ಹೆದರುತ್ತಾರೆ, ಸೋಲುವುದು ಮಾತ್ರ ಇಳಿತದಲ್ಲಿ. ಏರುವ ಪಶ್ಚಿಮದ ಮೈ ಬೋಳು. ಗಾಳಿ ಹೊಡೆಯುತ್ತದೆ, ಆದರೆ ಕಾಲಿಡುವ ಜಾಗ ಚೆನ್ನಾಗಿ ಕಾಣುತ್ತದೆ. ಪೂರ್ವದ ಇಳಿತ ಮಳೆಕಾಡಿನೊಳಗೆ: ಜಾರುವ ಬೇರು, ಮೊಣಕಾಲೆತ್ತರದ ಮೆಟ್ಟಿಲಿನಂಥ ಹಳ್ಳ, ನಡುವೆ ಕೆಸರಿನ ಗುಂಡಿ. ತೊಡೆ ಸೋತ ಮೇಲೆ ಮಂಡಿ ಹೊರೆಯನ್ನು ಹೊರುತ್ತದೆ, ಆಗಲೇ ಕಾಲು ಉಳುಕುವುದು.

ಹಾಗಾಗಿ ಅಭ್ಯಾಸ ಇಳಿಯುವುದಕ್ಕೂ ಬೇಕು. ಮೂರು ತಿಂಗಳು ಸಮಯ ಇಟ್ಟುಕೊಳ್ಳಿ. 8 ಕೆ.ಜಿ. ಹೊರೆಯಿಂದ ಶುರುಮಾಡಿ ವಾರಕ್ಕೆ ಒಂದು ಕೆ.ಜಿ.ಯಂತೆ ಏರಿಸಿ, ಹೊರಡುವ ಹೊತ್ತಿಗೆ 18 ಕೆ.ಜಿ. ಹೊತ್ತು ಸತತ ಎರಡು ದಿನ ಐದೈದು ಗಂಟೆ ನಡೆದರೂ ಮೂರನೇ ದಿನ ಎದ್ದು ಓಡಾಡುವಂತಿರಬೇಕು. ಜಿಮ್‌ನ ಟ್ರೆಡ್‌ಮಿಲ್ ಇದಕ್ಕೆ ಪ್ರಯೋಜನವಿಲ್ಲ, ಅದು ಇಳಿಯುವುದನ್ನು ಕಲಿಸುವುದಿಲ್ಲ. ಮೆಟ್ಟಿಲು, ಗುಡ್ಡ, ಮಳೆ ಬಂದ ಮರುದಿನದ ಕಾಲುದಾರಿ ಹುಡುಕಿ.

ಸಾಮಾನಿನ ವಿಷಯದಲ್ಲಿ ಮುಖ್ಯ ನಿಯಮ ಒಂದೇ: ಒದ್ದೆಯ ಜೊತೆ, ಒಣ ಜೊತೆ. ನಡೆಯಲು ಒಂದು ಜೊತೆ ಬಟ್ಟೆ, ಅದು ಒದ್ದೆಯಾಗಿಯೇ ಇರುತ್ತದೆ. ಟೆಂಟಿನೊಳಗೆ ಮಾತ್ರ ಹಾಕುವ ಇನ್ನೊಂದು ಜೊತೆ. ಬೆಳಿಗ್ಗೆ ಎದ್ದು ಚಳಿಯಲ್ಲಿ ಹಲ್ಲು ಕಡಿಯುತ್ತಾ ನಿನ್ನೆಯ ಒದ್ದೆಯದನ್ನೇ ಮತ್ತೆ ತೊಡಬೇಕು. ಮನಸ್ಸು ತಡೆಯದೆ ಒಣಗಿದ್ದನ್ನು ಹಾಕಿ ಹೊರಟರೆ ಆ ರಾತ್ರಿ ಎರಡೂ ಒದ್ದೆ. ಹತ್ತಿ ಬಟ್ಟೆ, ಜೀನ್ಸ್ ಬೇಡವೇ ಬೇಡ. ಉಣ್ಣೆ ಅಥವಾ ಸಿಂಥೆಟಿಕ್ ಇರಲಿ. ಬೇಸಿಗೆಯೆಂದು ನಂಬಬೇಡಿ, ಐರನ್‌ಬೌಂಡ್ ಮೇಲೆ ಫೆಬ್ರವರಿಯಲ್ಲೂ ಆಲಿಕಲ್ಲು, ಹಿಮ ಬೀಳಬಹುದು. ಸ್ಲೀಪಿಂಗ್ ಬ್ಯಾಗ್ ಸೊನ್ನೆ ಡಿಗ್ರಿಗಾದರೂ ಬೆಚ್ಚಗಿರುವಂಥದ್ದು, ಚೀಲ 70 ಲೀಟರಿಗೆ ಕಡಿಮೆ ಬೇಡ. ಚೀಲದ ಹೊರಗಿನ ಮಳೆಹೊದಿಕೆ ಗಾಳಿಗೆ ಹಾರಿಹೋಗುತ್ತದೆ. ಅದನ್ನು ನೆಚ್ಚದೆ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರೊಳಗೆ ಎಲ್ಲವನ್ನೂ ತುಂಬಿ ಬಾಯಿ ತಿರುಚಿ. ಬೂಟಿನ ಮೇಲಿಂದ ಮೊಣಕಾಲಿನವರೆಗೆ ಕಾಲಿಗೆ ಸುತ್ತುವ ದಪ್ಪ ಬಟ್ಟೆಯ ಗೇಟರ್ ಕೆಸರಿಗೂ ಬೇಕು, ಹಾವಿಗೂ ಬೇಕು. ಟಾಸ್ಮೇನಿಯಾದಲ್ಲಿರುವುದು ಮೂರೇ ಜಾತಿಯ ಹಾವು, ಮೂರೂ ವಿಷದವು. ಉಂಬಳವೂ ಉಂಟು, ಮಲೆನಾಡು ಕಂಡವರಿಗೆ ಅದನ್ನು ಹೇಳಿಕೊಡಬೇಕಿಲ್ಲ.

ಬೂಟು ಹೊಸದಾದರೆ ಕನಿಷ್ಠ 80-100 ಕಿ.ಮೀ. ನಡೆದು ಪಳಗಿಸಿ. ಹಳೆಯದಾದರೆ ಅಡಿಯ ಸೋಲ್ ಬಗ್ಗಿಸಿ ನೋಡಿ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಬೂಟಿನ ಅಂಟು ಕೆಸರಿನಲ್ಲಿ ಎರಡನೇ ದಿನಕ್ಕೇ ಬಿಡುತ್ತದೆ. ಹೊರಡುವ ಮೊದಲು ಬೂಟು, ಗೇಟರ್, ಟೆಂಟಿನ ಗೂಟಗಳನ್ನೆಲ್ಲ ಮಣ್ಣಿಲ್ಲದಂತೆ ತೊಳೆಯಿರಿ. ಗಿಡಗಳ ಬೇರು ಕೊಳೆಸುವ ಫೈಟಾಫ್ತೊರಾ ರೋಗ (ಅಡಿಕೆಯ ಕೊಳೆರೋಗ ತರುವುದರ ಬಳಗದ್ದೇ) ಹರಡುವುದು ಹೀಗೆ ಅಂಟಿಬಂದ ಮಣ್ಣಿನಿಂದ. ಕೆಸರಿನ ಗುಂಡಿ ಸಿಕ್ಕರೆ ಪಕ್ಕದಲ್ಲಿ ಸುತ್ತಿ ಹೋಗದೆ ನಡುವೆಯೇ ಇಳಿಯಬೇಕೆನ್ನುವ ನಿಯಮವೂ ಉಂಟು. ಸುತ್ತಿದಷ್ಟೂ ದಾರಿ ಅಗಲವಾಗಿ ಹುಲ್ಲು ಸಾಯುತ್ತದೆ. ಕೋಲಿನಿಂದ ಆಳ ನೋಡಿ ಕಾಲಿಡಿ.

ಗೈಡ್‌ಗೆ ಕೊಟ್ಟ ದುಡ್ಡು ಸಾರ್ಥಕವಾಗುವುದು ನೀರಿನ ಹತ್ತಿರ. ಇಲ್ಲಿಯ ಹೊಳೆಗಳು ಗಿಡ್ಡ, ಹಾಗಾಗಿ ಮಳೆ ಬಿದ್ದರೆ ಬೇಗ ಏರುತ್ತವೆ, ನಿಂತರೆ ಬೇಗ ಇಳಿಯುತ್ತವೆ. ಲೂಯಿಸಾ ನದಿಯ ದಡದಲ್ಲಿ ಅರ್ಧ ದಿನ ಸುಮ್ಮನೆ ಕೂರುವುದೇ ಸರಿಯಾದ ನಿರ್ಧಾರವಾಗಿರಬಹುದು. ಅದನ್ನು ಹೇಳಲು ಅನುಭವ ಬೇಕು, ಕೇಳಲು ನಿಮಗೆ ತಾಳ್ಮೆ ಬೇಕು. ದಾಟುವಾಗ ಸೊಂಟದ ಮತ್ತು ಎದೆಯ ಪಟ್ಟಿ ಬಿಚ್ಚಿರಬೇಕು. ಬಿದ್ದರೆ ಚೀಲ ಕಳಚಿ ಏಳಲು ಅದೊಂದೇ ದಾರಿ. ಬೂಟು ಮಾತ್ರ ಕಾಲಲ್ಲೇ ಇರಲಿ.

ಪ್ರಿಯಾನ್ ಬೀಚ್ ಹತ್ತಿರ ನ್ಯೂ ರಿವರ್ ಲಗೂನಿನ ಅಳಿವೆಯನ್ನು ಹುಟ್ಟು ಹಾಕುವ ದೋಣಿಯಲ್ಲಿ ದಾಟಬೇಕು. ಎರಡೂ ದಡದಲ್ಲಿ ಒಂದೊಂದಾದರೂ ದೋಣಿ ಉಳಿಯಲೇಬೇಕು. ಅಂದರೆ ಒಂದರಲ್ಲಿ ಆಚೆ ಹೋಗಿ, ಅಲ್ಲಿರುವ ಇನ್ನೊಂದನ್ನು ಹಗ್ಗ ಕಟ್ಟಿ ಈಚೆ ಎಳೆದು ತಂದು ಬಿಟ್ಟು, ಮತ್ತೆ ಆಚೆ ಹೋಗುವುದು: ಒಟ್ಟು ಮೂರು ಸಲ ಹುಟ್ಟು ಹಾಕಬೇಕು. ಗಾಳಿ ಜೋರಾಗಿದ್ದರೆ ಕಾಯಿರಿ. ಕೊನೆಯಲ್ಲಿ ದೋಣಿಯನ್ನು ಭರತದ ನೀರು ಮುಟ್ಟದಷ್ಟು ಮೇಲಕ್ಕೆಳೆದು, ಕವುಚಿ ಕಟ್ಟಬೇಕು.

ಗ್ರಾನೈಟ್ ಬೀಚ್ ಆದಮೇಲೆ ಸೌತ್ ಕೇಪ್ ಶ್ರೇಣಿ. ಐರನ್‌ಬೌಂಡ್‌ಗಿಂತ ಗಿಡ್ಡ, ಆದರೆ ಕೆಸರಿನಲ್ಲಿ ಅದರಪ್ಪ. ಐರನ್‌ಬೌಂಡ್ ಮುಗಿಯಿತೆಂದು ಮೈಮರೆತವರು ಬೀಳುವುದು ಇಲ್ಲಿ.

ಊಟ: ಸಸ್ಯಾಹಾರಿಯಾದರೆ ಬುಕ್ ಮಾಡುವಾಗಲೇ ಬರೆದು ತಿಳಿಸಿ, ದಾರಿಯಲ್ಲಿ ಬದಲಿ ಸಿಗುವುದಿಲ್ಲ. ಮೆಲ್ಬರ್ನಿನಿಂದ ಹಣ್ಣು, ತರಕಾರಿ ತರಬೇಡಿ, ಟಾಸ್ಮೇನಿಯಾದೊಳಗೆ ಬಿಡುವುದಿಲ್ಲ. ಚಟ್ನಿಪುಡಿಯ ಪುಟ್ಟ ಪೊಟ್ಟಣ ಇದ್ದರೆ ಐದನೇ ದಿನದ ಸಪ್ಪೆ ಅನ್ನ ಗಂಟಲಲ್ಲಿ ಇಳಿಯುತ್ತದೆ. ಬೆಂಕಿ ಹಾಕುವಂತಿಲ್ಲ, ಒಲೆ ಮಾತ್ರ; ಕೊಳೆತ ಗಿಡಗಳಿಂದಾದ ಅಲ್ಲಿಯ ಪೀಟ್ ಮಣ್ಣೇ ಹೊತ್ತಿ ಉರಿಯುತ್ತದೆ. ತೊರೆಯ ನೀರು ಚಹಾದ ಬಣ್ಣಕ್ಕಿರುತ್ತದೆ, ಗಿಡಗಳ ಟ್ಯಾನಿನ್‌ನಿಂದ. ಬಣ್ಣಕ್ಕೆ ಹೆದರಬೇಡಿ, ಕುದಿಸಿಯೋ ಸೋಸಿಯೋ ಕುಡಿಯಿರಿ.

ಬುಕ್ ಮಾಡುವ ಮುನ್ನ ಕಂಪನಿಯನ್ನು ಕೇಳಿ: ಎಷ್ಟು ಜನಕ್ಕೆ ಎಷ್ಟು ಗೈಡ್, ಹೊಳೆ ತಡೆದರೆ ಹೆಚ್ಚುವರಿ ದಿನದ ಆಹಾರ ಇರುತ್ತದೆಯೇ, ಸ್ಯಾಟಲೈಟ್ ಫೋನ್ ಮತ್ತು ಪಿ.ಎಲ್.ಬಿ. (ಅಪಾಯದಲ್ಲಿ ನೀವಿರುವ ಜಾಗವನ್ನು ಉಪಗ್ರಹದ ಮೂಲಕ ತಿಳಿಸುವ ಪುಟ್ಟ ಸಾಧನ) ಇವೆಯೇ. ದಾರಿಯುದ್ದಕ್ಕೂ ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ. ಮೆಲ್ಬರ್ನಿಗೆ ವಾಪಸ್ ವಿಮಾನವನ್ನು ಚಾರಣ ಮುಗಿಯುವ ಸಂಜೆಗೆ ಇಟ್ಟುಕೊಳ್ಳಬೇಡಿ, ಎರಡು ದಿನ ಬಿಟ್ಟು ತೆಗೆದುಕೊಳ್ಳಿ. ಒಗೆದ ಬಟ್ಟೆ, ಚಪ್ಪಲಿ ಇರುವ ಒಂದು ಚೀಲವನ್ನು ಕಾಕಲ್ ಕ್ರೀಕ್‌ಗೆ ಬರುವ ವ್ಯಾನಿನಲ್ಲಿ ಇಡಲು ಮೊದಲೇ ಹೇಳಿ.