ಕೆಳಗೆ ನಾವು, ಮೇಲೆ ಬಾಡಿಗೆಯವರು: ಸುಣ್ಣಬಣ್ಣದ ಖರ್ಚು ಕಳೆಯಬಹುದೇ?

ಪ್ರಶ್ನೆ: ಗೃಹಸಾಲ ಪಡೆದು ಎರಡಂತಸ್ತಿನ ಮನೆ ಕಟ್ಟಿಸಿದ್ದೇನೆ. ಕೆಳಗೆ ನಾವಿದ್ದೇವೆ. ಅಷ್ಟೇ ವಿಸ್ತೀರ್ಣದ ಮೇಲಿನ ಮನೆಯನ್ನು ತಿಂಗಳಿಗೆ 18,000 ರೂಪಾಯಿ ಬಾಡಿಗೆಗೆ, 1,80,000 ಅಡ್ವಾನ್ಸ್ ಪಡೆದು ಕೊಟ್ಟಿದ್ದೇನೆ. 2025–26ರಲ್ಲಿ ಸಾಲದ ಬಡ್ಡಿ 1,90,000, ಆಸ್ತಿ ತೆರಿಗೆ 15,000, ಮೇಲಿನ ಮನೆಯ ಸುಣ್ಣಬಣ್ಣ, ನಲ್ಲಿ ರಿಪೇರಿಗೆ 60,000 ಕಟ್ಟಿದ್ದೇನೆ. ಬಾಡಿಗೆ ಆದಾಯದಿಂದ ಏನೇನು ಕಳೆಯಬಹುದು?
– ಸಂಬಳದಾರ ಓದುಗ, ಬೆಂಗಳೂರು

ಉತ್ತರ: ಬಣ್ಣದ ಬಿಲ್ಲು ಕಡತದಲ್ಲೇ ಇರಲಿ, ಲೆಕ್ಕಕ್ಕೆ ತರಬೇಡಿ. ಬಾಡಿಗೆಯಿಂದ ಆಸ್ತಿ ತೆರಿಗೆ ಕಳೆದು ಉಳಿದ ಮೊತ್ತದಲ್ಲಿ ಶೇ 30ರಷ್ಟನ್ನು ಕಾನೂನೇ ಬಿಟ್ಟುಕೊಡುತ್ತದೆ. ರಿಪೇರಿಗೆ ನೀವು ನಯಾಪೈಸೆ ಖರ್ಚು ಮಾಡದಿದ್ದರೂ ಅಷ್ಟೇ, ಲಕ್ಷ ಸುರಿದರೂ ಅಷ್ಟೇ. ಮನೆ ಖಾಲಿ ಮಾಡುವವರಿಂದ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಊರು ನಮ್ಮದು. ಇಲಾಖೆಯ ಮುಂದೆಯೂ ಆ ಬಿಲ್ಲು ಹಿಡಿದರೆ ಒಂದೇ ಗೋಡೆಗೆ ಮೂರು ಬಾರಿ ಕಾಸು ಕೇಳಿದಂತಾಗುತ್ತದೆ.

ಹೆಚ್ಚಿನವರು ಎಡವುವುದು ಬಡ್ಡಿಯಲ್ಲಿ. ಸಾಲ ಒಂದೇ, ಗೋಡೆ ಒಂದೇ ಆದರೂ ತೆರಿಗೆ ಲೆಕ್ಕದಲ್ಲಿ ನಿಮ್ಮದು ಎರಡು ಮನೆ. ಪೂರ್ತಿ 1,90,000ವನ್ನು ಬಾಡಿಗೆಗೆ ಎದುರಾಗಿ ತೋರಿಸುವಂತಿಲ್ಲ. ವಿಸ್ತೀರ್ಣ ಸಮನಾಗಿರುವುದರಿಂದ ಮೇಲಿನ ಮನೆಯ ಪಾಲು 95,000.

ಆಸ್ತಿ ತೆರಿಗೆಯನ್ನು ಮಾತ್ರ ಕಣ್ಣುಮುಚ್ಚಿ ಅರ್ಧ ಮಾಡಬೇಡಿ. ಬೆಂಗಳೂರಿನಲ್ಲಿ ಬಾಡಿಗೆ ಭಾಗದ ದರ ಸ್ವಂತ ವಾಸದ ಭಾಗಕ್ಕಿಂತ ಹೆಚ್ಚು. ನೀವು ಪಾಲಿಕೆಗೆ ಸಲ್ಲಿಸಿದ ಆಸ್ತಿ ತೆರಿಗೆ ನಮೂನೆಯಲ್ಲಿ ಮೇಲಿನ ಮನೆಯ ಪಾಲು 10,000 ಎಂದಿದ್ದರೆ ಅಷ್ಟನ್ನೂ ಕಳೆಯಿರಿ. ಅದನ್ನು ಆ ವರ್ಷದೊಳಗೆ ನೀವೇ ಕಟ್ಟಿರಬೇಕು. ಇಡೀ ಕಟ್ಟಡವನ್ನು ಸ್ವಂತ ವಾಸವೆಂದು ಬರೆದುಕೊಟ್ಟಿದ್ದರೆ ಮೊದಲು ಅದನ್ನು ಸರಿಪಡಿಸಿ. ಅಲ್ಲೊಂದು, ಇಲ್ಲೊಂದು ಹೇಳಿಕೆ ಇರಬಾರದು.

ಈಗ ಲೆಕ್ಕ ನೋಡಿ. ವರ್ಷದ ಬಾಡಿಗೆ 2,16,000. ತೆರಿಗೆ 10,000 ಹೋಗಿ 2,06,000. ಅದರ ಶೇ 30 ಎಂದರೆ 61,800 ಕಳೆದರೆ 1,44,200. ಬಡ್ಡಿ 95,000 ಕಳೆದ ಮೇಲೆ ಸಂಬಳಕ್ಕೆ ಸೇರುವುದು 49,200 ಮಾತ್ರ. ಅಡ್ವಾನ್ಸ್ ಮರಳಿಸಬೇಕಾದ ಹಣ, ಆದಾಯವಲ್ಲ. ಬ್ಯಾಂಕಿನಲ್ಲಿ ಅದಕ್ಕೆ ಬರುವ ಬಡ್ಡಿ ಆದಾಯ.

ನೀವು ವಾಸವಿರುವ ಭಾಗದ ಬಡ್ಡಿ 95,000 ಹೊಸ ತೆರಿಗೆ ಪದ್ಧತಿಯಲ್ಲಿ ಕೈಬಿಟ್ಟಂತೆಯೇ. ಹಳೆಯ ಪದ್ಧತಿಯಲ್ಲಿ ಅದಕ್ಕೂ ಅವಕಾಶವಿದೆ, ಮಿತಿ 2 ಲಕ್ಷ. ಆಗ ಮನೆಯ ಬಾಬತ್ತಿನಲ್ಲಿ 45,800 ನಷ್ಟ ಬಂದು ಸಂಬಳದಿಂದ ಕಳೆಯುತ್ತದೆ. ಸಾಲದ ಅಸಲಿನ ಕಂತಿಗೆ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 80ಸಿ ಅಡಿ ವಿನಾಯಿತಿ ಕೂಡ ಸಿಗುತ್ತದೆ. ಇಷ್ಟಕ್ಕೇ ಹಳೆಯದಕ್ಕೆ ಹಾರಬೇಡಿ. ಹೊಸದರಲ್ಲಿ ಸ್ಲ್ಯಾಬ್ ದರಗಳು ಕಡಿಮೆ. ತೆರಿಗೆಗೆ ಒಳಪಡುವ ಒಟ್ಟು ಆದಾಯ 12 ಲಕ್ಷ ದಾಟದಿದ್ದರೆ ಸಂಬಳ, ಬಾಡಿಗೆಯಂಥ ಆದಾಯಕ್ಕೆ ತೆರಿಗೆಯೇ ಬರುವುದಿಲ್ಲ. ನಿಮ್ಮ ಸಂಬಳವೆಷ್ಟೆಂದು ಬರೆದಿಲ್ಲ. ಎರಡೂ ಪದ್ಧತಿಯಲ್ಲಿ ಒಮ್ಮೆ ಲೆಕ್ಕ ಹಾಕಿದ ಮೇಲೆಯೇ ರಿಟರ್ನ್ಸ್ ಸಲ್ಲಿಸಿ.