ಟ್ರಾವೆಲ್ ಬೇಸ್‌ಬಾಲ್ ಟ್ರೈಔಟ್‌ಗೆ 11 ವರ್ಷದ ಮಗನನ್ನು ಹೇಗೆ ತಯಾರು ಮಾಡುವುದು?

ಮಗ ಲಿಟಲ್ ಲೀಗ್ (ಊರಿನ ಮಕ್ಕಳ ಬೇಸ್‌ಬಾಲ್ ಲೀಗ್) ಆಡುತ್ತಿದ್ದಾನೆ, ಆಗಸ್ಟ್‌ನಲ್ಲಿ ಟ್ರಾವೆಲ್ ತಂಡದ (ಆರಿಸಿದ ಮಕ್ಕಳು ಬೇರೆ ಊರುಗಳಿಗೂ ಹೋಗಿ ಟೂರ್ನಮೆಂಟ್ ಆಡುವ ತಂಡ) ಟ್ರೈಔಟ್, ಅಂದರೆ ಆಯ್ಕೆ ಪರೀಕ್ಷೆ, ಇದೆ, ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದು ಕ್ರಿಕೆಟ್ ಮಾತ್ರ, ಬ್ಯಾಟಿಂಗ್‌ಗೆ ಪ್ರೈವೇಟ್ ಕೋಚಿಂಗ್ ಕೊಡಿಸಬೇಕಾ ಅಂತ ಕೇಳಿದ್ದೀರಿ. ನಾನು ಟೆಕ್ಸಸ್‌ನಲ್ಲಿ ಇದೇ ವಯಸ್ಸಿನ ಹುಡುಗರ ತಂಡಕ್ಕೆ ಸಹಾಯಕ ಕೋಚ್. ಟ್ರೈಔಟ್ ದಿನ ಕೈಯಲ್ಲಿ ಪಟ್ಟಿ ಹಿಡಿದು ನಿಲ್ಲುವವರಲ್ಲಿ ನಾನೂ ಒಬ್ಬ. ನನ್ನ ಕೇಳಿದರೆ ಸದ್ಯಕ್ಕೆ ಆ ದುಡ್ಡು ಉಳಿಸಿ. ನೀವೂ ಒಂದು ಗ್ಲೌಸ್ ತಗೊಳ್ಳಿ, ಸಂಜೆ ಅವನ ಜೊತೆ ಕ್ಯಾಚ್ ಆಡಿ.

ಟ್ರೈಔಟ್‌ನಲ್ಲಿ ಬ್ಯಾಟಿಂಗ್‌ಗೆ ಸಿಗುವುದು ಕೆಲವೇ ಚೆಂಡು. ಅವತ್ತು ಒಳ್ಳೆಯ ಹುಡುಗನೂ ಮಿಸ್ ಮಾಡಬಹುದು, ಅದು ನಮಗೂ ಗೊತ್ತು. ಆದರೆ ಎಸೆತ ಹಾಗಲ್ಲ. ವಾರ್ಮ್‌ಅಪ್‌ನಲ್ಲಿ ಇಬ್ಬಿಬ್ಬರು ನಿಂತು ಚೆಂಡು ಎಸೆದಾಡುವಾಗಲೇ ಅರ್ಧ ವಿಷಯ ಗೊತ್ತಾಗಿಬಿಡುತ್ತದೆ. ಲಿಟಲ್ ಲೀಗ್‌ನಲ್ಲಿ ಬೇಸ್‌ಗಳ (ಓಟಗಾರ ಒಂದೊಂದಾಗಿ ಮುಟ್ಟಬೇಕಾದ ಮೂಲೆಗಳು) ನಡುವೆ 60 ಅಡಿ, ಬ್ಯಾಟ್ ಮಾಡುವ ಜಾಗದಿಂದ ಪಿಚರ್‌ಗೆ (ಬ್ಯಾಟ್ ಹಿಡಿದವನಿಗೆ ಚೆಂಡೆಸೆಯುವವನು) 46 ಅಡಿ. 12ರ ಒಳಗಿನ ಟ್ರಾವೆಲ್ ಆಟದಲ್ಲಿ ಸಾಮಾನ್ಯವಾಗಿ 70 ಮತ್ತು 50. ಹತ್ತು ಅಡಿ ತಾನೇ ಅನ್ನಿಸುತ್ತದೆ. ಆದರೆ ಶಾರ್ಟ್‌ಸ್ಟಾಪ್‌ನಿಂದ (ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ಫೀಲ್ಡರ್ ನಿಲ್ಲುವ ಜಾಗ) ಫಸ್ಟ್ ಬೇಸ್‌ಗೆ ಎಸೆದು ನೋಡಲಿ, ಚೆಂಡು ತಲುಪುವ ಮುಂಚೆಯೇ ನೆಲಕ್ಕೆ ಬಿದ್ದು ಪುಟಿಯುತ್ತದೆ.

ತೋರುಬೆರಳು, ಮಧ್ಯದ ಬೆರಳು ಎರಡೂ ಹೊಲಿಗೆಯ ಮೇಲೆ ಅಡ್ಡ ಕೂರಬೇಕು, ಕೆಳಗಡೆ ಹೆಬ್ಬೆರಳು. ಹೀಗೆ ಹಿಡಿದರೆ ಚೆಂಡು ನೇರ ಹೋಗುತ್ತದೆ. ಬಲಗೈ ಹುಡುಗನಾದರೆ ಎಸೆಯುವ ಮುಂಚೆ ಎಡಭುಜ ಗುರಿಯ ಕಡೆ ತಿರುಗಿರಬೇಕು. ಗ್ಲೌಸ್‌ನಿಂದ ಚೆಂಡು ತೆಗೆಯುವಾಗಲೇ, ನೋಡದೆ, ಬೆರಳು ಹೊಲಿಗೆ ಹುಡುಕಿಕೊಳ್ಳುವುದು ಅಭ್ಯಾಸದಿಂದ ಮಾತ್ರ ಬರುತ್ತದೆ. ಟಿವಿ ನೋಡುತ್ತಾ ಕೂತಾಗಲೂ ಇದನ್ನು ಮಾಡಬಹುದು.

ಕ್ರಿಕೆಟ್ ಮನೆಯಿಂದ ಬರುವ ಮಕ್ಕಳಿಗೆ ಎತ್ತರದ ಕ್ಯಾಚ್ ಚೆನ್ನಾಗಿ ಬರುತ್ತದೆ, ಅದು ನಿಜವಾದ ಲಾಭ. ಆದರೆ ನೆಲದ ಮೇಲೆ ಬರುವ ಚೆಂಡಿಗೆ ಮಂಡಿ ಊರಿ ಅಡ್ಡ ಕೂರುವುದನ್ನು ಬಿಡಿಸಿ. ಮಂಡಿ ಊರಿದರೆ ಎದ್ದು ಎಸೆಯುವಷ್ಟರಲ್ಲಿ ಓಟಗಾರ ಬೇಸ್ ಮುಟ್ಟಿರುತ್ತಾನೆ. ಕಾಲು ಅಗಲಿಸಿ, ಸೊಂಟ ಇಳಿಸಿ, ಗ್ಲೌಸನ್ನು ಮೊದಲೇ ನೆಲಕ್ಕೆ ತಾಗಿಸಿಟ್ಟುಕೊಳ್ಳಲಿ. ಚೆಂಡು ಪುಟಿದರೆ ಗ್ಲೌಸ್ ಮೇಲೆತ್ತುವುದು ಸುಲಭ, ಕೆಳಗಿಳಿಸುವುದು ಕಷ್ಟ. ಹಾಗೇ, ಹೊಡೆದ ಮೇಲೆ ಬ್ಯಾಟ್ ಕೈಬಿಟ್ಟು ಓಡಬೇಕು (ಎಸೆಯಬಾರದು, ಸುಮ್ನೆ ಬಿಡಬೇಕು). ಫಸ್ಟ್ ಬೇಸ್ ಹತ್ತಿರ ನಿಧಾನ ಮಾಡದೆ ಅದನ್ನು ತುಳಿದು ದಾಟಿಯೇ ಹೋಗಬೇಕು. ಎಷ್ಟೋ ಕಡೆ ಸ್ಟಾಪ್‌ವಾಚ್ ಹಿಡಿದು ಅಲ್ಲೇ ಸಮಯ ನೋಡುತ್ತಾರೆ.

ಅವನು ಪಿಚಿಂಗ್ ಕೂಡ ಮಾಡುವುದಾದರೆ ಕೈ ಜೋಪಾನ. ಎಮ್‌ಎಲ್‌ಬಿ (ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಲೀಗ್) ಮತ್ತು ಯುಎಸ್‌ಎ ಬೇಸ್‌ಬಾಲ್ (ಅಲ್ಲಿನ ರಾಷ್ಟ್ರೀಯ ಬೇಸ್‌ಬಾಲ್ ಸಂಸ್ಥೆ) ಸೇರಿ ಮಾಡಿರುವ ಪಿಚ್ ಸ್ಮಾರ್ಟ್ ಲೆಕ್ಕದಲ್ಲಿ 11-12 ವಯಸ್ಸಿಗೆ ದಿನಕ್ಕೆ ಹೆಚ್ಚೆಂದರೆ 85 ಪಿಚ್ (ಪಿಚರ್‌ನ ಎಸೆತ). 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ಟ್ರೈಔಟ್ ಅಂತ ಹಿಂದಿನ ವಾರ ಜಾಸ್ತಿ ಎಸೆಯಿಸಬೇಡಿ. ಮೊಣಕೈ ನೋವು ಅಂದರೆ ಅವತ್ತಿಗೆ ನಿಲ್ಲಿಸಿ, ‘ಸ್ವಲ್ಪ ತಡ್ಕೋ’ ಅನ್ನಬೇಡಿ.

ಹೊಸ ಬ್ಯಾಟ್ ಈಗ ಬೇಡ. ಲಿಟಲ್ ಲೀಗ್‌ಗೆ ಯುಎಸ್‌ಎ ಮುದ್ರೆಯ ಬ್ಯಾಟೇ ಬೇಕು, ಟ್ರಾವೆಲ್‌ನಲ್ಲಿ ಹೆಚ್ಚಿನವರು ಯುಟ್ರಿಪಲ್‌ಎಸ್‌ಎ (ಟೂರ್ನಮೆಂಟ್ ನಡೆಸುವ ಇನ್ನೊಂದು ಸಂಸ್ಥೆ) ಮುದ್ರೆಯದು ಹಿಡಿಯುತ್ತಾರೆ. ತಂಡ ಗೊತ್ತಾದ ಮೇಲೆ ಕೇಳಿ ಕೊಂಡರಾಯಿತು.

ಅವತ್ತು ಅರ್ಧ ಗಂಟೆ ಮುಂಚೆ ಹೋಗಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಅವನು ನಡೆಯದೆ ಓಡಲಿ. ಚೆಂಡು ಬಿಟ್ಟರೆ ಹಿಂದೆ ತಿರುಗಿ ನಿಮ್ಮನ್ನು ಹುಡುಕಬಾರದು, ಅದಕ್ಕೇ ನೀವು ಬೇಲಿಯಿಂದ ದೂರ ಕೂತಿರಿ. ನಾವು ಅದನ್ನೂ ಗಮನಿಸುತ್ತೇವೆ.

ಆಯ್ಕೆಯಾದರೆ ಒಂದೆರಡು ದಿನದಲ್ಲಿ ಒಪ್ಪಿಗೆ ಹೇಳಿ ಮುಂಗಡ ಕಟ್ಟಿ ಅನ್ನುವ ತಂಡಗಳಿವೆ. ತಂಡದಲ್ಲಿ ಎಷ್ಟು ಮಕ್ಕಳು, ವರ್ಷಕ್ಕೆ ಎಷ್ಟು ಟೂರ್ನಮೆಂಟ್, ಹೋಟೆಲ್ ಖರ್ಚು ಯಾರದು, ಎಲ್ಲರಿಗೂ ಆಡಲು ಸಿಗುತ್ತದಾ ಅಂತ ಟ್ರೈಔಟ್ ದಿನವೇ ಕೋಚ್ ಹತ್ತಿರ ಕೇಳಿಬಿಡಿ. ಯಾರೂ ತಪ್ಪು ತಿಳಿಯುವುದಿಲ್ಲ.